ಕರೆಯದೆ ಬಂದವರು, ಎದ್ದು ಹೋದವರು: ಆರ್ಕುಟ್ ತಾಣದ ಏಳುಬೀಳು

ಸಂತ ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಔತಣದ ಸಾಮತಿ ನಮಗೆಲ್ಲ ಚಿರಪರಿಚಿತ. ಯಜಮಾನನೊಬ್ಬ ದೊಡ್ಡ ಔತಣವನ್ನು ಏರ್ಪಡಿಸಿ ಹಲವರನ್ನು ಆಹ್ವಾನಿಸುತ್ತಾನೆ. ಊಟ ಸಿದ್ಧವಾದಾಗ ಆಹ್ವಾನಿತರು ಒಂದೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಆಗ ಯಜಮಾನ ಬೀದಿಗಳಿಂದಲೂ ಸಂದುಗೊಂದುಗಳಿಂದಲೂ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಸಿ ಮನೆಯನ್ನು ತುಂಬಿಸುತ್ತಾನೆ.

ಪ್ರಿಯ ಓದುಗರೇ, ಈ ಸಾಮತಿಯನ್ನು ಧ್ಯಾನಿಸುವಾಗ ಒಂದು ಪ್ರಶ್ನೆ ಏಳುವುದು ಸಹಜ. ಆಹ್ವಾನಿತರು ನೆಪ ಹೇಳದೆ ಮೊದಲೇ ಬಂದು ಎಲೆಯ ಮುಂದೆ ಕುಳಿತಿದ್ದರೆ, ಅನಂತರ ಬೀದಿಯ ಜನರೂ ಒಳಗೆ ಬಂದಿದ್ದರೆ, ಏನಾಗುತ್ತಿತ್ತು? ಅವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರೇ, ಅಥವಾ ಕೈತೊಳೆದು ಎದ್ದು ಹೋಗುತ್ತಿದ್ದರೇ? ಸಾಮತಿ ಇದಕ್ಕೆ ಉತ್ತರ ಹೇಳುವುದಿಲ್ಲ. ಆದರೆ ನಮ್ಮ ಕಣ್ಣೆದುರಿನಲ್ಲಿಯೇ ಹುಟ್ಟಿ, ಬೆಳೆದು, ಬಾಗಿಲು ಮುಚ್ಚಿದ ಒಂದು ಅಂತರ್ಜಾಲ ತಾಣದ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ ಎಂದು ನನಗೆ ತೋರುತ್ತದೆ. ಆ ತಾಣದ ಹೆಸರು ಆರ್ಕುಟ್.

ಆಹ್ವಾನದ ಬಾಗಿಲು

ಇಂದು ಮೂವತ್ತೈದು ದಾಟಿದವರಿಗೆ ಆರ್ಕುಟ್ ಒಂದು ಸಿಹಿ ನೆನಪು. ಅವರ ಮಕ್ಕಳಿಗೆ ಅದು ಕೇಳರಿಯದ ಹೆಸರು. 2004ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಅದನ್ನು ಆರಂಭಿಸಿತು. ಆ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಟರ್ಕಿ ದೇಶದ ಇಂಜಿನಿಯರ್ ಆರ್ಕುಟ್ ಬುಯುಕ್ಕೊಕ್ಟೆನ್ ಅದನ್ನು ರೂಪಿಸಿದವರು. ಅವರ ಹೆಸರೇ ತಾಣದ ಹೆಸರಾಯಿತು. ಫ್ರೆಂಡ್‌ಸ್ಟರ್, ಮೈಸ್ಪೇಸ್ ಎಂಬ ತಾಣಗಳು ಅದಕ್ಕಿಂತ ಮೊದಲೇ ಇದ್ದವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫೇಸ್‌ಬುಕ್ ಹುಟ್ಟಿದ್ದು ಆರ್ಕುಟ್ ಬಂದ ಮರುತಿಂಗಳು.

ಆರ್ಕುಟ್ ಮನೆಯ ಬಾಗಿಲು ಆರಂಭದಲ್ಲಿ ಎಲ್ಲರಿಗೂ ತೆರೆದಿರಲಿಲ್ಲ. ಈಗಾಗಲೇ ಒಳಗಿರುವ ಒಬ್ಬರು ಆಹ್ವಾನ ಕಳುಹಿಸಿದರೆ ಮಾತ್ರ ಹೊರಗಿನವರು ಒಳಗೆ ಬರಬಹುದಿತ್ತು. ಈ ನಿಯಮ 2006ರವರೆಗೂ ಇತ್ತು. ಗೆಳೆಯರ ಗೆಳೆಯರು ಮಾತ್ರ ಸೇರಿದರೆ ಪರಸ್ಪರ ನಂಬಿಕೆ ಉಳಿಯುತ್ತದೆ ಎಂಬುದು ಅದರ ಹಿಂದಿನ ಆಶಯ. ಆ ಆಶಯದಲ್ಲಿ ತಪ್ಪಿಲ್ಲ. ಆದರೆ ಮನುಷ್ಯ ಸ್ವಭಾವ ಎಂಥದ್ದು ಎಂಬುದು ನಮಗೆ ಗೊತ್ತು. ಕರೆದವರಿಗಷ್ಟೇ ಪ್ರವೇಶ ಎಂದೊಡನೆ ಕರೆ ಬಂದದ್ದೇ ಒಂದು ಹೆಮ್ಮೆಯ ವಿಷಯವಾಗುತ್ತದೆ. ಒಳಗಿನ ಸ್ನೇಹಕ್ಕಿಂತ, ಹೊರಗೆ ನಿಂತವರು ಇನ್ನೂ ಇದ್ದಾರೆ ಎಂಬ ಅರಿವು ಹೆಚ್ಚು ಸಿಹಿಯಾಗತೊಡಗುತ್ತದೆ. ಮುಂದೆ ಬಂದ ಕೇಡಿನ ಬೀಜ ಹೊಸ್ತಿಲಲ್ಲಿಯೇ ಬಿದ್ದಿತ್ತು.

ಗೂಗಲ್ ಸಂಸ್ಥೆ ತನ್ನ ನಾಡಿನ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮನೆಯನ್ನು ಕಟ್ಟಿತು. ಮನೆ ತುಂಬಿದ್ದು ಬೇರೆಯವರಿಂದ. ಆರಂಭವಾದ ಕೆಲವೇ ತಿಂಗಳುಗಳಲ್ಲಿ, 2004ರ ಮಧ್ಯಭಾಗದ ಹೊತ್ತಿಗೆ, ಬ್ರೆಜಿಲ್ ದೇಶದವರು ಅಮೆರಿಕನ್ನರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಅಲ್ಲಿ ನೆರೆದರು. ಜಗತ್ತಿನಲ್ಲಿಯೇ ಅತಿ ಹೆಚ್ಚು ಕಥೋಲಿಕರಿರುವ ದೇಶ ಅದು. ಮಾತು, ಹರಟೆ, ಹಾಡು, ನಂಟು ಇವುಗಳಲ್ಲಿ ನಮ್ಮನ್ನೇ ಹೋಲುವ ಜನ. ಅವರ ಬೆನ್ನಿಗೇ ಭಾರತೀಯರು ಬಂದರು. ತಾಣ ಮುಚ್ಚುವ ವೇಳೆಗೆ ಅದರ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಬ್ರೆಜಿಲ್‌ನವರು. ಎರಡನೆಯ ಸ್ಥಾನ ಭಾರತದ್ದು.

ನಮ್ಮ ನಾಡಿನಲ್ಲಿ ಆಗ ಮನೆಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ಬೆಂಗಳೂರು, ಮಂಗಳೂರು, ಮೈಸೂರುಗಳ ಯುವಜನರು ಸೈಬರ್ ಕೆಫೆಗಳಲ್ಲಿ ಗಂಟೆಗೆ ಇಷ್ಟೆಂದು ಹಣ ತೆತ್ತು ಕುಳಿತು ಆರ್ಕುಟ್ ತೆರೆಯುತ್ತಿದ್ದರು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದು ಕುಶಲ ಕೇಳುತ್ತಿದ್ದರು. ಗಲ್ಫ್ ದೇಶಗಳಿಗೆ ದುಡಿಯಲು ಹೋದ ಕರಾವಳಿಯ ಮಕ್ಕಳಿಗೆ ಊರಿನ ಗೆಳೆಯರ ಮುಖ ಕಾಣಿಸಿದ್ದು ಅಲ್ಲಿ. ಹತ್ತನೆಯ ತರಗತಿ ಮುಗಿದ ಮೇಲೆ ದಿಕ್ಕುದಿಕ್ಕಿಗೆ ಚದುರಿದ್ದ ಸಹಪಾಠಿಗಳು ಶಾಲೆಯ ಹೆಸರಿನ ಸಮುದಾಯದಲ್ಲಿ ಮತ್ತೆ ಒಂದಾದರು. ಇದು ಸಣ್ಣ ಉಪಕಾರವಲ್ಲ. ಆರ್ಕುಟನ್ನು ವಿಮರ್ಶಿಸುವವರು ಮೊದಲು ಈ ಋಣವನ್ನು ಒಪ್ಪಿಕೊಳ್ಳಬೇಕು.

ಮನೆಬಾಗಿಲಿಗೆ ಹೋಗಿ ಆಡಿದ ಮಾತು

ಆರ್ಕುಟ್ ತಾಣದ ಒಳಗಿನ ವ್ಯವಸ್ಥೆಯನ್ನು ಇಂದಿನ ತಾಣಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಇಂದು ನಾವು ಫೋನು ತೆರೆದೊಡನೆ ನೂರಾರು ಜನರ ಸುದ್ದಿ, ಚಿತ್ರ, ಸಿಟ್ಟು, ನಗು ಎಲ್ಲವೂ ತಾನಾಗಿಯೇ ನಮ್ಮೆದುರು ಹರಿದುಬರುತ್ತದೆ. ನಾವು ಯಾರನ್ನೂ ಹುಡುಕಿ ಹೋಗಬೇಕಾಗಿಲ್ಲ. ಆರ್ಕುಟಿನಲ್ಲಿ ಹಾಗಿರಲಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ‘ಸ್ಕ್ರ್ಯಾಪ್‌ಬುಕ್’ ಎಂಬ ಒಂದು ಪುಟವಿತ್ತು. ಗೆಳೆಯನಿಗೆ ಏನಾದರೂ ಹೇಳಬೇಕಿದ್ದರೆ ಅವನ ಪುಟಕ್ಕೆ ಹೋಗಿ ಬರೆಯಬೇಕು. ಅವನು ಉತ್ತರಿಸಬೇಕಿದ್ದರೆ ನಮ್ಮ ಪುಟಕ್ಕೆ ಬಂದು ಬರೆಯಬೇಕು. ಹಳ್ಳಿಯ ಓಣಿಯಲ್ಲಿ ಒಬ್ಬರು ಇನ್ನೊಬ್ಬರ ಜಗಲಿಗೆ ಹೋಗಿ ಎರಡು ಮಾತನಾಡಿ ಬರುವಂತೆ ಅದು ನಡೆಯುತ್ತಿತ್ತು. ಹಾಗೆ ಬರೆದ ಮಾತು ಊರಿಗೆಲ್ಲ ಸಾರಿದ್ದಲ್ಲ, ಒಬ್ಬ ವ್ಯಕ್ತಿಯನ್ನು ನೆನೆದು ಬರೆದದ್ದು.

ಇನ್ನೊಂದು ವಿಶೇಷವಿತ್ತು. ಯಾರು ಯಾರ ಪುಟವನ್ನು ನೋಡಿಹೋದರು ಎಂಬುದನ್ನು ತಾಣ ತೋರಿಸುತ್ತಿತ್ತು. ತನ್ನ ಭೇಟಿಯನ್ನು ಮುಚ್ಚಿಡಲು ಬಯಸುವವನು ಹಾಗೆ ಮಾಡಬಹುದಿತ್ತು. ಆದರೆ ತನ್ನ ಪುಟಕ್ಕೆ ಬಂದುಹೋದವರು ಯಾರೆಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ಈ ನಿಯಮವನ್ನು ನೆನೆದಾಗಲೆಲ್ಲ ನನಗೆ ಜಕ್ಕಾಯ ನೆನಪಾಗುತ್ತಾನೆ. ಅವನು ಮರವೇರಿ ಎಲೆಗಳ ಮರೆಯಿಂದ ಯೇಸುವನ್ನು ನೋಡಬಯಸಿದ. ಯೇಸು ತಲೆಯೆತ್ತಿ ನೋಡಿ ಅವನ ಹೆಸರು ಹಿಡಿದು ಕರೆದರು. ನೋಡಲು ಬಂದವನೇ ನೋಡಲ್ಪಟ್ಟ. ಆ ಗಳಿಗೆಯಲ್ಲಿ ಅವನ ಕುತೂಹಲ ಸಂಬಂಧವಾಗಿ ಬದಲಾಯಿತು. ಇಂದಿನ ತಾಣಗಳಲ್ಲಿ ನಾವೆಲ್ಲರೂ ಮರದ ಮೇಲೆಯೇ ಕುಳಿತಿದ್ದೇವೆ. ನೆರೆಮನೆಯವರ ಮದುವೆ, ಮಗು, ಮನೆ, ಪ್ರವಾಸ ಎಲ್ಲವನ್ನೂ ಸದ್ದಿಲ್ಲದೆ ನೋಡುತ್ತೇವೆ. ಕೆಳಗಿಳಿದು ಬಾ ಎಂದು ಕರೆಯುವವರಿಲ್ಲ.

ಮೂರನೆಯದು ‘ಟೆಸ್ಟಿಮೋನಿಯಲ್’ ಎಂಬ ಪದ್ಧತಿ. ಗೆಳೆಯನ ಗುಣಗಳನ್ನು ಕುರಿತು ಹತ್ತಾರು ಸಾಲು ಬರೆದು ಅವನಿಗೆ ಕಳುಹಿಸುವುದು. ಅವನು ಒಪ್ಪಿದರೆ ಅದು ಅವನ ಪುಟದಲ್ಲಿ ಕಾಣಿಸಿಕೊಳ್ಳುವುದು. ಈ ಪದಕ್ಕೆ ನಮ್ಮ ವಿಶ್ವಾಸದ ಭಾಷೆಯಲ್ಲಿ ಸಾಕ್ಷ್ಯ ಎಂಬ ಅರ್ಥವಿದೆ. ಮನುಷ್ಯ ಬದುಕಿರುವಾಗ ಅವನ ಒಳ್ಳೆಯತನವನ್ನು ಅವನ ಮುಂದೆಯೇ ಹೇಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ನಾವು ಆಡುವ ಎಷ್ಟೋ ಮಾತುಗಳನ್ನು ತೀರಿಕೊಂಡವರು ಒಮ್ಮೆಯಾದರೂ ಕೇಳಿಸಿಕೊಂಡಿದ್ದರೇ ಎಂದು ನಾನು ಯೋಚಿಸುವುದುಂಟು. ಇಪ್ಪತ್ತು ವರ್ಷದ ತರುಣರು ತಮ್ಮ ಗೆಳೆಯರ ಬಗ್ಗೆ ಕೃತಜ್ಞತೆಯಿಂದ ಕುಳಿತು ಬರೆಯುವಂತೆ ಮಾಡಿದ ಈ ಪದ್ಧತಿ ಮೆಚ್ಚತಕ್ಕದ್ದು.

ಗೋಡೆಯ ಬಿರುಕುಗಳು

ಮೆಚ್ಚಿಗೆಯೊಂದಿಗೆ ದೋಷಗಳನ್ನೂ ಹೇಳಬೇಕು. ಟೆಸ್ಟಿಮೋನಿಯಲ್ ಬಹುಬೇಗ ಕೊಡುಕೊಳ್ಳುವ ವ್ಯಾಪಾರವಾಯಿತು. ನೀನು ನನಗೆ ಬರೆ, ನಾನು ನಿನಗೆ ಬರೆಯುತ್ತೇನೆ ಎಂಬ ಒಪ್ಪಂದ ಸಾಮಾನ್ಯವಾಯಿತು. ತಾನು ಒಪ್ಪಿದ್ದನ್ನು ಮಾತ್ರ ಪ್ರಕಟಿಸುವ ಅವಕಾಶ ಇದ್ದುದರಿಂದ ಹೊಗಳಿಕೆ ಉಳಿಯಿತು, ತಿದ್ದುವ ಮಾತು ಉಳಿಯಲಿಲ್ಲ. ನಿಜವಾದ ಗೆಳೆಯನನ್ನು ಭದ್ರ ಆಶ್ರಯಕ್ಕೆ ಹೋಲಿಸುವ ಸಿರಾಖನ ಗ್ರಂಥವೇ ಕಷ್ಟದ ದಿನ ಬಂದಾಗ ಮರೆಯಾಗುವ ಗೆಳೆಯರ ಬಗ್ಗೆಯೂ ಎಚ್ಚರಿಸುತ್ತದೆ. ಗೆಳೆಯನನ್ನು ಪಡೆಯುವ ಮುನ್ನ ಪರೀಕ್ಷಿಸು ಎನ್ನುತ್ತದೆ. ಒಂದು ಗುಂಡಿ ಒತ್ತಿ ಗಳಿಸಿದ ಗೆಳೆತನದಲ್ಲಿ ಪರೀಕ್ಷೆಗೆ ಸ್ಥಳವೆಲ್ಲಿ?

ಇದಕ್ಕಿಂತ ವಿಚಿತ್ರವಾದದ್ದು ಅಂಕ ಕೊಡುವ ಪದ್ಧತಿ. ಗೆಳೆಯನು ಎಷ್ಟು ನಂಬಿಕಸ್ಥ ಎಂಬುದಕ್ಕೆ ಒಂದರಿಂದ ಮೂರು ನಗುಮುಖಗಳು. ಎಷ್ಟು ಸೊಗಸುಗಾರ ಎಂಬುದಕ್ಕೆ ಮಂಜುಗಡ್ಡೆಯ ತುಂಡುಗಳು. ಎಷ್ಟು ಆಕರ್ಷಕ ಎಂಬುದಕ್ಕೆ ಹೃದಯದ ಚಿತ್ರಗಳು. ‘ಅಭಿಮಾನಿ’ಗಳ ಎಣಿಕೆಗೆ ನಕ್ಷತ್ರ ಬೇರೆ. ದಾವೀದ ಅರಸನು ತನ್ನ ಪ್ರಜೆಗಳನ್ನು ಎಣಿಸಹೊರಟದ್ದನ್ನು ಶ್ರೀಗ್ರಂಥ ಪಾಪವೆಂದು ಪರಿಗಣಿಸುತ್ತದೆ. ಎಣಿಕೆಯಲ್ಲಿ ಏನು ಪಾಪ ಎಂದು ಓದುಗರಿಗೆ ಅನಿಸಬಹುದು. ದೇವರು ಕೊಟ್ಟ ಜನರನ್ನು ತನ್ನ ಬಲದ ಲೆಕ್ಕವಾಗಿ ನೋಡಿದ್ದೇ ಅವನ ಪಾಪ. ಒಬ್ಬ ಸದಸ್ಯನಿಗೆ ಸಾವಿರ ಗೆಳೆಯರು ಎಂಬ ಮಿತಿಯನ್ನು ಆರ್ಕುಟ್ ಇಟ್ಟಿತ್ತು. ಆ ಸಾವಿರವನ್ನು ಮುಟ್ಟುವುದೇ ಗುರಿಯಾಗಿಸಿಕೊಂಡವರಿದ್ದರು. ಇಂದು ಆ ಮಿತಿ ಮುರಿದಿದೆ, ಗೀಳು ಉಳಿದಿದೆ.

ಆ ಮನೆಗೆ ಬೀಗವೂ ಸಡಿಲವಾಗಿತ್ತು. ಮೊದಲ ವರ್ಷಗಳಲ್ಲಿ ಇಬ್ಬರ ನಡುವಿನ ಮಾತನ್ನು ಯಾರು ಬೇಕಾದರೂ ಓದಬಹುದಿತ್ತು. ಸುಳ್ಳು ಹೆಸರಿನ ಪುಟಗಳು ಹುಟ್ಟಿಕೊಂಡವು. ಹೆಣ್ಣುಮಕ್ಕಳ ಪುಟಗಳಿಗೆ ಅಪರಿಚಿತರ ಕಾಟ ಶುರುವಾಯಿತು. ದ್ವೇಷವನ್ನೇ ಹೆಸರಾಗಿಸಿಕೊಂಡ ಸಮುದಾಯಗಳು ಬೆಳೆದವು. 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆಯ ಪೊಲೀಸರು ಬಂಧಿಸಿದರು. ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರವನ್ನು ಆರ್ಕುಟಿನಲ್ಲಿ ಹಾಕಿದನೆಂಬುದು ಆರೋಪ. ಅವರು 50 ದಿನ ಸೆರೆಮನೆಯಲ್ಲಿ ಕಳೆದರು. ಚಿತ್ರ ಹಾಕಿದವರು ಅವರಲ್ಲ, ಇಂಟರ್ನೆಟ್ ಸಂಪರ್ಕದ ವಿಳಾಸ ಗುರುತಿಸುವಲ್ಲಿ ತಪ್ಪಾಗಿತ್ತು ಎಂಬುದು ಅನಂತರ ತಿಳಿದುಬಂತು. ಯಾರೋ ಮರೆಯಲ್ಲಿ ನಿಂತು ಎಸೆದ ಕಲ್ಲಿಗೆ ನಿರಪರಾಧಿಯೊಬ್ಬರು ಬೆಲೆ ತೆತ್ತರು. ಮುಖವಿಲ್ಲದ ಮಾತಿಗೆ ಹೊಣೆಗಾರರಿಲ್ಲ ಎಂಬುದನ್ನು ಕನ್ನಡನಾಡು ಅಷ್ಟು ಬೇಗ ಕಲಿಯಬೇಕಾಯಿತು.

ಅಂತರ್ಜಾಲದ ಪಂಕ್ತಿಭೇದ

ಇನ್ನು ಪತನದ ವಿಚಾರ. 2010ರ ಜುಲೈ ತಿಂಗಳಲ್ಲಿ ಭಾರತದಲ್ಲಿ ಫೇಸ್‌ಬುಕ್ಕಿಗೆ ಭೇಟಿ ಕೊಟ್ಟವರು 2 ಕೋಟಿ 9 ಲಕ್ಷ, ಆರ್ಕುಟಿಗೆ ಭೇಟಿ ಕೊಟ್ಟವರು 1 ಕೋಟಿ 99 ಲಕ್ಷ ಎಂದು ಕಾಮ್‌ಸ್ಕೋರ್ ಸಂಸ್ಥೆ ಲೆಕ್ಕ ಹಾಕಿತು. ಮೊದಲ ಬಾರಿಗೆ ಆರ್ಕುಟ್ ನಮ್ಮ ದೇಶದಲ್ಲಿ ಎರಡನೆಯ ಸ್ಥಾನಕ್ಕೆ ಇಳಿಯಿತು. ಮುಂದಿನ ವರ್ಷ ಬ್ರೆಜಿಲ್‌ನಲ್ಲಿಯೂ ಹೀಗೆಯೇ ಆಯಿತು. 2011ರಲ್ಲಿ ಗೂಗಲ್ ಸಂಸ್ಥೆಯೇ ಗೂಗಲ್ ಪ್ಲಸ್ ಎಂಬ ಹೊಸ ತಾಣವನ್ನು ತೆರೆದು ಹಳೆಯದರತ್ತ ಗಮನ ಕಡಿಮೆ ಮಾಡಿತು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಮುಚ್ಚಿತು.

ಇದಕ್ಕೆ ಕಾರಣಗಳೇನು? ತಂತ್ರಜ್ಞರು ಹಲವು ಕಾರಣ ಕೊಡುತ್ತಾರೆ. ಪುಟಗಳು ತೆರೆಯಲು ತಡವಾಗುತ್ತಿತ್ತು. ಕಳ್ಳಪುಟಗಳ, ಅನಗತ್ಯ ಸಂದೇಶಗಳ ಹಾವಳಿ ಹೆಚ್ಚಿತ್ತು. 2006ರಿಂದಲೇ ಫೇಸ್‌ಬುಕ್ ಗೆಳೆಯರ ಸುದ್ದಿಯನ್ನು ಒಂದೇ ಕಡೆ ಹರಿಸಿಕೊಡುತ್ತಿತ್ತು, ಅನಂತರ ಆಟಗಳನ್ನೂ ಒದಗಿಸಿತು. ಇವೆಲ್ಲವೂ ನಿಜ. ಆದರೂ ಈ ಕಾರಣಗಳು ಪೂರ್ತಿ ಕಥೆಯನ್ನು ಹೇಳುವುದಿಲ್ಲ. 2010ರಲ್ಲಿ ಭಾರತದಲ್ಲಿ ಎರಡನೆಯ ಸ್ಥಾನಕ್ಕೆ ಇಳಿದಾಗಲೂ ಆರ್ಕುಟಿನ ಸಂದರ್ಶಕರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಹೆಚ್ಚೇ ಇತ್ತು. ಜನ ಬರುತ್ತಲೇ ಇದ್ದರು. ಹಾಗಾದರೆ ಹೋದವರು ಯಾರು, ಏಕೆ ಹೋದರು?

ಬ್ರೆಜಿಲ್ ದೇಶದ ಪೋರ್ಚುಗೀಸ್ ಭಾಷೆಯಲ್ಲಿ ಹುಟ್ಟಿದ ಒಂದು ಪದ ಇದಕ್ಕೆ ಉತ್ತರ ಹೇಳುತ್ತದೆ. ‘ಓರ್ಕುಟಿಜಸಾಂವ್’ ಎಂಬುದು ಆ ಪದ. ಕನ್ನಡದಲ್ಲಿ ‘ಆರ್ಕುಟೀಕರಣ’ ಎನ್ನಬಹುದು. ಮೊದಲು ಕೆಲವೇ ಅನುಕೂಲಸ್ಥರಿದ್ದ ಒಂದು ತಾಣಕ್ಕೆ ಸಾಮಾನ್ಯ ಜನ, ಬಡಾವಣೆಯಾಚೆಯ ಜನ, ವ್ಯಾಕರಣ ತಪ್ಪಿ ಬರೆಯುವ ಜನ ಬಂದು ತುಂಬಿಕೊಂಡಾಗ, ಮೊದಲಿದ್ದವರು ಮೂಗು ಮುರಿದು ಆಡುವ ಮಾತು ಅದು. ಇದು ಆರ್ಕುಟಿಗಷ್ಟೇ ನಿಲ್ಲಲಿಲ್ಲ. 2012ರ ಏಪ್ರಿಲ್‌ನಲ್ಲಿ, ಅಲ್ಲಿಯವರೆಗೆ ದುಬಾರಿ ಐಫೋನ್ ಉಳ್ಳವರಿಗಷ್ಟೇ ದೊರೆಯುತ್ತಿದ್ದ ಇನ್‌ಸ್ಟಾಗ್ರಾಮ್ ಅಗ್ಗದ ಆಂಡ್ರಾಯ್ಡ್ ಫೋನುಗಳಿಗೂ ಬಂದಾಗ, ಬ್ರೆಜಿಲ್‌ನಲ್ಲಿ ಇದೇ ಪದ ಮತ್ತೆ ಕೇಳಿಬಂತು. ವಿಪರ್ಯಾಸವನ್ನು ಗಮನಿಸಿ. 2004ರಲ್ಲಿ ಇದೇ ಬ್ರೆಜಿಲಿಯನ್ನರು ಗುಂಪಾಗಿ ಬಂದು ತಮ್ಮ ಭಾಷೆಯಲ್ಲಿ ಬರೆಯತೊಡಗಿದಾಗ ಇಂಗ್ಲಿಷ್ ಬಲ್ಲ ಸದಸ್ಯರು ಗೊಣಗಿದ್ದರು. ಅಂದು ಅವಮಾನ ಉಂಡ ದೇಶದವರೇ ಕೆಲವು ವರ್ಷಗಳಲ್ಲಿ ತಮ್ಮ ನಾಡಿನ ಬಡವರಿಗೆ ಅದೇ ಅವಮಾನವನ್ನು ಬಡಿಸಿದರು.

ಅಮೆರಿಕದಲ್ಲಿಯೂ ಇಂಥದ್ದೇ ನಡೆಯಿತು. ಅಲ್ಲಿನ ಹದಿಹರೆಯದವರು ಮೈಸ್ಪೇಸ್ ಬಿಟ್ಟು ಫೇಸ್‌ಬುಕ್ಕಿಗೆ ಹೋಗುತ್ತಿದ್ದಾಗ ಆ ವಲಸೆಯಲ್ಲಿ ವರ್ಗದ ಭೇದ ಕೆಲಸ ಮಾಡುತ್ತಿದೆ ಎಂದು ದಾನಾ ಬಾಯ್ಡ್ ಎಂಬ ವಿದುಷಿ 2007ರಲ್ಲಿಯೇ ಬರೆದರು. ಫೇಸ್‌ಬುಕ್ ಹುಟ್ಟಿದ್ದೇ ಪ್ರತಿಷ್ಠಿತ ವಿಶ್ವವಿದ್ಯಾಲಯದ ಅಂಗಳದಲ್ಲಿ. ಅದು ಎಲ್ಲರಿಗೂ ಬಾಗಿಲು ತೆರೆದದ್ದು 2006ರ ಸೆಪ್ಟೆಂಬರ್‌ನಲ್ಲಿ. ಆ ಮೇಲೂ ಅದಕ್ಕೆ ಮೇಲುಮಟ್ಟದ ಜಾಗ ಎಂಬ ಹೊಳಪು ಉಳಿದುಕೊಂಡಿತ್ತು.

ನಮ್ಮಲ್ಲಿ? ಆ ದಿನಗಳಲ್ಲಿ ಕಾಲೇಜಿನಲ್ಲಿದ್ದ ಓದುಗರು ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ. ‘ಇನ್ನೂ ಆರ್ಕುಟಿನಲ್ಲಿದ್ದೀಯಾ?’ ಎಂಬ ಪ್ರಶ್ನೆಯಲ್ಲಿ ಒಂದು ನಗೆ ಇರುತ್ತಿತ್ತು. ಆ ನಗೆ ತಾಣದ ನಿಧಾನಗತಿಯನ್ನು ಕುರಿತದ್ದಾಗಿರಲಿಲ್ಲ. ಸಣ್ಣ ಊರಿನ ಹುಡುಗ ಹೊಳೆಯುವ ಅಕ್ಷರಗಳಲ್ಲಿ ಬರೆದ ಶುಭಾಶಯವನ್ನು, ಅವನ ತಪ್ಪು ಇಂಗ್ಲಿಷನ್ನು, ಫೋಟೋ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ನಿಂತ ಅವನ ಚಿತ್ರವನ್ನು ಕುರಿತ ನಗೆ ಅದಾಗಿತ್ತು. ಅವನಿಗೆ ಆಹ್ವಾನ ಬಂದಿರಲಿಲ್ಲ, ಬಾಗಿಲು ತೆರೆದಿದ್ದರಿಂದ ಒಳಗೆ ಬಂದಿದ್ದ. ಬಂದು ನೋಡಿದರೆ ಮೊದಲೇ ಕುಳಿತಿದ್ದವರು ಒಬ್ಬೊಬ್ಬರಾಗಿ ಏಳುತ್ತಿದ್ದರು.

ಇದಕ್ಕೆ ನಮ್ಮ ಭಾಷೆಯಲ್ಲಿ ಹೊಸ ಪದ ಹುಡುಕಬೇಕಾಗಿಲ್ಲ. ಪಂಕ್ತಿಭೇದ ಎಂಬ ಹಳೆಯ ಪದವೇ ಸಾಕು. ಜೊತೆಗೆ ಕುಳಿತು ಉಣ್ಣಲು ಒಲ್ಲದ ಮನಸ್ಸು ನಮ್ಮ ನಾಡಿನಲ್ಲಿ ಶತಮಾನಗಳಿಂದ ಇದೆ. ಎಲೆಯ ಮುಂದಿನಿಂದ ಎದ್ದು ಅದು ಕಂಪ್ಯೂಟರಿನ ಮುಂದೆ ಬಂದು ಕುಳಿತಿತು, ಅಷ್ಟೆ.

ಆದ್ದರಿಂದ ನನ್ನ ನಿರ್ಣಯ ಇದು. ಆರ್ಕುಟ್ ಸ್ನೇಹಕ್ಕೆ ಒಳ್ಳೆಯ ಜಗಲಿಯನ್ನು ಕಟ್ಟಿತು. ಆದರೆ ಆ ಜಗಲಿಯ ಬೆಲೆಯನ್ನು, ಯಾರು ಹೊರಗಿದ್ದಾರೆ ಎಂಬುದರಿಂದ ಅಳೆಯಲು ಮೊದಲ ದಿನದಿಂದಲೇ ಕಲಿಸಿತು. ಹೊರಗಿದ್ದವರು ಒಳಬಂದ ದಿನ, ಒಳಗಿದ್ದವರ ಕಣ್ಣಿಗೆ ಅದರ ಬೆಲೆ ಇಳಿಯಿತು. ಆಯ್ದ ಕೆಲವರು ಎಂಬ ಹೆಮ್ಮೆಯ ಮೇಲೆ ನಿಂತ ಯಾವ ಸಮುದಾಯವೂ ಎಲ್ಲರೂ ಬಂದ ದಿನ ಉಳಿಯಲಾರದು.

ಧರ್ಮಸಭೆ ಹೇಳಿದ್ದೇನು

ಇಂಥ ತಾಣಗಳು ಮೇಲೇರುತ್ತಿದ್ದ ದಿನಗಳಲ್ಲಿ, 2009ರ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕಾಗಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಒಂದು ಸಂದೇಶ ನೀಡಿದರು. ಹೊಸ ತಂತ್ರಜ್ಞಾನ, ಹೊಸ ಸಂಬಂಧಗಳು ಎಂಬುದು ಅದರ ವಿಷಯ. ಅವರು ಈ ತಾಣಗಳನ್ನು ಖಂಡಿಸಲಿಲ್ಲ. ಒಬ್ಬರೊಡನೊಬ್ಬರು ಬೆಸೆದುಕೊಳ್ಳಬೇಕೆಂಬ ಹಂಬಲವನ್ನು ದೇವರೇ ಮನುಷ್ಯನಲ್ಲಿ ಇಟ್ಟಿದ್ದಾನೆ ಎಂದು ಗುರುತಿಸಿದರು. ಹಾಗೆಯೇ ಸ್ನೇಹವೆಂಬುದನ್ನು ಅಗ್ಗಗೊಳಿಸಬಾರದು, ದೂರದವರ ಸಂಪರ್ಕಕ್ಕಾಗಿ ಮನೆಯವರನ್ನೂ ನೆರೆಯವರನ್ನೂ ಮರೆಯಬಾರದು ಎಂದು ಎಚ್ಚರಿಸಿದರು. ಅದೇ ಸಂದೇಶದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ. ಆರ್ಥಿಕವಾಗಿಯೂ ಸಾಮಾಜಿಕವಾಗಿಯೂ ಈಗಾಗಲೇ ಅಂಚಿಗೆ ತಳ್ಳಲ್ಪಟ್ಟವರಿಗೆ ಈ ಹೊಸ ಸಾಧನಗಳು ದೊರೆಯದೆ ಹೋದರೆ ಅದು ಮನುಕುಲದ ಭವಿಷ್ಯಕ್ಕೆ ದುರಂತ ಎಂದು ಅವರು ಹೇಳಿದ್ದರು. ಸಾಧನ ಬಡವರಿಗೂ ದೊರೆಯಿತು. ಆದರೆ ಸಾಧನ ದೊರೆತ ಮೇಲೂ ಪಕ್ಕದಲ್ಲಿ ಕುಳಿತುಕೊಳ್ಳುವವರು ದೊರೆಯಬೇಕಲ್ಲ? ಆರ್ಕುಟಿನ ಪ್ರಶ್ನೆ ಅಲ್ಲಿದೆ.

ಹತ್ತು ವರ್ಷಗಳ ಅನಂತರ, 2019ರಲ್ಲಿ, ಪೋಪ್ ಫ್ರಾನ್ಸಿಸರು ಆ ಪ್ರಶ್ನೆಯನ್ನೇ ಎತ್ತಿಕೊಂಡರು. ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು ಹೇಳುವ, ನಾವು ಒಂದೇ ದೇಹದ ಅಂಗಗಳೆಂಬ ಭಾವವನ್ನು ತಳಹದಿಯಾಗಿಟ್ಟುಕೊಂಡು, ಸಾಮಾಜಿಕ ಜಾಲತಾಣಗಳ ಗುಂಪುಗಳು ಬಹುಪಾಲು ಹೊರಗಿನವರನ್ನು ವಿರೋಧಿಸುವುದರಿಂದಲೇ ತಮ್ಮ ಗುರುತನ್ನು ಕಟ್ಟಿಕೊಳ್ಳುತ್ತಿವೆ ಎಂದು ತೋರಿಸಿದರು. ಬಲೆ ಮೀನನ್ನು ಹಿಡಿಯುವ ಬೋನೂ ಆಗಬಹುದು, ಎಳೆ ಎಳೆಗಳು ಒಂದನ್ನೊಂದು ಹೊತ್ತು ನಿಲ್ಲುವ ಬಂಧವೂ ಆಗಬಹುದು. ದೇಹದಲ್ಲಿ ಕಣ್ಣು ಕಾಲನ್ನು ನೋಡಿ ಮೂಗು ಮುರಿದು ಎದ್ದು ಹೋಗಲಾರದು.

ಆರ್ಕುಟ್ ಮುಚ್ಚಿದಾಗ ಅದರಲ್ಲಿ 5 ಕೋಟಿ 10 ಲಕ್ಷ ಸಮುದಾಯಗಳೂ 12 ಕೋಟಿ ಚರ್ಚಾ ವಿಷಯಗಳೂ ಇದ್ದವು. ಅವುಗಳನ್ನು ಗೂಗಲ್ ಸಂಸ್ಥೆ ಸ್ವಲ್ಪಕಾಲ ಸಂಗ್ರಹವಾಗಿ ಇಟ್ಟಿತ್ತು. ಸದಸ್ಯರು ತಮ್ಮ ಚಿತ್ರಗಳನ್ನೂ ಬರಹಗಳನ್ನೂ ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಗಡುವು ಕೊಟ್ಟಿತು. ಆ ಸಂಗ್ರಹವೂ 2017ರಲ್ಲಿ ಕಣ್ಮರೆಯಾಯಿತು. ಗೆಳೆಯರಿಗೆಂದು ಬರೆದ ಸಾಕ್ಷ್ಯಗಳು, ತೀರಿಹೋದ ಸಹಪಾಠಿಯ ಪುಟದಲ್ಲಿ ಬಿಟ್ಟ ಕೊನೆಯ ಮಾತುಗಳು, ಇಳಿಸಿಕೊಳ್ಳದವರ ಪಾಲಿಗೆ ಇಲ್ಲವಾದವು. ಬಾಡಿಗೆ ಮನೆಯ ಗೋಡೆಯ ಮೇಲೆ ಬರೆದ ಮಾತನ್ನು ಮನೆಯ ಒಡೆಯ ಸುಣ್ಣ ಬಳಿದು ಅಳಿಸಿದರೆ ನಾವು ದೂರುವಂತಿಲ್ಲ.

ನಿಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕವಿದೆ. ಅವಕಾಶ ಸಿಕ್ಕಾಗ ಹಳೆಯದೊಂದನ್ನು ತೆರೆದು ನೋಡಿ. ನೂರು ವರ್ಷದ ಹಿಂದಿನ ಹೆಸರುಗಳು ಅದರಲ್ಲಿರಬಹುದು. ಜಮೀನುದಾರನ ಮಗುವೂ ಅವನ ಗದ್ದೆಯ ಕೂಲಿಯ ಮಗುವೂ ಒಂದೇ ಶಾಯಿಯಲ್ಲಿ, ಒಂದರ ಕೆಳಗೊಂದು ಸಾಲಿನಲ್ಲಿ ಬರೆಯಲ್ಪಟ್ಟಿರುತ್ತಾರೆ. ಅಂಕವಿಲ್ಲ, ನಕ್ಷತ್ರವಿಲ್ಲ. ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆತಾಯಿಯರ ಹೆಸರು, ದಿನಾಂಕ, ಗುರುಗಳ ಸಹಿ. ನಾವು ಯಾವ ಮನೆಗೆ ಸೇರಿದವರು ಎಂಬುದನ್ನು ಆ ಪುಸ್ತಕ ಹೇಳುತ್ತದೆ.

ನಮ್ಮ ಪಂಕ್ತಿಯಲ್ಲಿ

ಆ ಪುಸ್ತಕದಲ್ಲಿ ಇರುವ ಸಮಾನತೆ ನಮ್ಮ ಪೀಠಗಳಲ್ಲಿ ಇದೆಯೇ? ಈ ಪ್ರಶ್ನೆಯನ್ನು ಕೇಳದೆ ಈ ಲೇಖನವನ್ನು ಮುಗಿಸಲಾರೆ. ಪ್ರಭುಭೋಜನಕ್ಕೆ ಕೊರಿಂಥದ ವಿಶ್ವಾಸಿಗಳು ಸೇರುತ್ತಿದ್ದಾಗ ಉಳ್ಳವರು ಮೊದಲೇ ಬಂದು ಉಂಡು ಮುಗಿಸುತ್ತಿದ್ದರು, ದುಡಿದು ತಡವಾಗಿ ಬಂದ ಬಡವರು ಹಸಿದೇ ಉಳಿಯುತ್ತಿದ್ದರು. ಇದನ್ನು ಕೇಳಿ ಸಂತ ಪೌಲನು ಎಷ್ಟು ಕಟುವಾಗಿ ಬರೆದನೆಂಬುದು ಅವನ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ ಕೊಟ್ಟು ಹರಕು ಬಟ್ಟೆಯವನನ್ನು ನಿಲ್ಲಿಸುವ ಸಭೆಯನ್ನು ಸಂತ ಯಕೋಬನೂ ಗದರಿಸಿದ್ದಾನೆ. ಪಂಕ್ತಿಭೇದ ಧರ್ಮಸಭೆಯ ಮೊದಲ ತಲೆಮಾರಿನಲ್ಲಿಯೇ ಇತ್ತು. ಅದನ್ನು ಗುರುತಿಸಿ ಹೇಳುವವರೂ ಇದ್ದರು ಎಂಬುದೇ ನಮಗೆ ಭರವಸೆ.

ಇಂದು ನಮ್ಮ ನಗರಗಳ ಧರ್ಮಕೇಂದ್ರಗಳಿಗೆ ಹೊಸಬರು ಬರುತ್ತಿದ್ದಾರೆ. ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಕುಟುಂಬಗಳು, ಹೋಟೆಲು, ಆಸ್ಪತ್ರೆಗಳಲ್ಲಿ ದುಡಿಯುವ ಜಾರ್ಖಂಡ್ ಮತ್ತು ಈಶಾನ್ಯ ರಾಜ್ಯಗಳ ಯುವಜನರು ಹಿಂದಿನ ಸಾಲಿನಲ್ಲಿ, ಕೆಲವೊಮ್ಮೆ ಬಾಗಿಲ ಬಳಿ, ನಿಂತು ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ. ಅವರು ಹೆಚ್ಚಾದಂತೆ ಕೆಲವು ಹಳೆಯ ಕುಟುಂಬಗಳು ಇನ್ನೊಂದು ಹೊತ್ತಿನ ಬಲಿಪೂಜೆಗೆ, ಇನ್ನೊಂದು ಭಾಷೆಯ ಬಲಿಪೂಜೆಗೆ, ಕೊನೆಗೆ ಇನ್ನೊಂದು ಧರ್ಮಕೇಂದ್ರಕ್ಕೆ ಹೋಗುವುದನ್ನು ಗುರುಗಳಾದ ನಾವು ಕಾಣುತ್ತೇವೆ. ಕಾರಣ ಕೇಳಿದರೆ ವಾಹನ ನಿಲ್ಲಿಸಲು ಜಾಗವಿಲ್ಲ ಎಂಬಂಥ ಉತ್ತರ ಬರುತ್ತದೆ. ಸಾಮತಿಯ ಆಹ್ವಾನಿತರೂ ಹೊಲ ನೋಡಬೇಕು, ಎತ್ತು ಪರೀಕ್ಷಿಸಬೇಕು ಎಂದಿದ್ದರು. ನೆಪಗಳು ಯಾವಾಗಲೂ ಮರ್ಯಾದೆಯ ಮಾತಿನಲ್ಲಿಯೇ ಇರುತ್ತವೆ.

ಧರ್ಮಕೇಂದ್ರಗಳಲ್ಲಿ ಈಗ ವಾಟ್ಸ್ಯಾಪ್ ಗುಂಪುಗಳಿವೆ. ಅವು ಉಪಯುಕ್ತವೇ. ಆದರೆ ನಿಮ್ಮ ವಾರ್ಡಿನ ಗುಂಪಿನಲ್ಲಿ ಯಾರು ಇಲ್ಲ ಎಂದು ಒಮ್ಮೆ ಪಟ್ಟಿ ತೆಗೆದು ನೋಡಿ. ಫೋನಿಲ್ಲದ ಅಜ್ಜಿ, ಓದಲು ಬಾರದ ತಾಯಿ, ಬಾಡಿಗೆ ಮನೆ ಬದಲಿಸುತ್ತಲೇ ಇರುವ ಕೂಲಿಯ ಕುಟುಂಬ. ಹಬ್ಬದ ಊಟದ ಸುದ್ದಿ ಗುಂಪಿನಲ್ಲಿ ಮಾತ್ರ ಬಂದರೆ ಅವರಿಗೆ ಆಹ್ವಾನ ತಲುಪಿದಂತಾಯಿತೇ? ಒಬ್ಬರಾದರೂ ಅವರ ಮನೆಬಾಗಿಲಿಗೆ ಹೋಗಿ ಹೇಳಬೇಕು. ಆರ್ಕುಟ್ ತನ್ನ ಒಳ್ಳೆಯ ದಿನಗಳಲ್ಲಿ ಕಲಿಸಿದ್ದು ಇದನ್ನೇ: ಮಾತು ಹೇಳಬೇಕಿದ್ದರೆ ಆ ಮನುಷ್ಯನ ಜಗಲಿಗೆ ಹೋಗಬೇಕು.

ಆರ್ಕುಟನ್ನು ಬಿಟ್ಟು ಹೋದವರು ಮತ್ತೊಂದು ಮನೆ ಹುಡುಕಿಕೊಂಡರು. ಆ ಮನೆಗೂ ಎಲ್ಲರೂ ಬಂದಾಗ ಅವರ ಮಕ್ಕಳು ಮೂರನೆಯದನ್ನು ಹುಡುಕಿಕೊಂಡರು. ಈ ಓಟಕ್ಕೆ ಕೊನೆಯಿಲ್ಲ. ನಮಗಾದರೋ ಓಡಿಹೋಗಲು ಇನ್ನೊಂದು ಔತಣವಿಲ್ಲ. ಪ್ರಭುವಿನ ಮೇಜು ಒಂದೇ. ಅಲ್ಲಿ ನಾವ್ಯಾರೂ ಯೋಗ್ಯತೆಯಿಂದ ಮೊದಲು ಬಂದವರಲ್ಲ, ಬೀದಿಯಿಂದ ಕರೆತರಲ್ಪಟ್ಟವರೇ. ಮುಂದಿನ ಭಾನುವಾರ ಪೀಠದ ತುದಿಯಲ್ಲಿ ಕುಳಿತಿರುವ ಓದುಗರು ಸ್ವಲ್ಪ ಒಳಗೆ ಸರಿದು, ಬಾಗಿಲ ಬಳಿ ನಿಂತವರನ್ನು ಪಕ್ಕಕ್ಕೆ ಕರೆಯಲಿ. ಬಲಿಪೂಜೆ ಮುಗಿದ ಮೇಲೆ ಅವರ ಹೆಸರು ಕೇಳಲಿ.